ಗಂಟಲುಬೇನೆಯ ಬೆನ್ನಿಗೆ ಬರುವ ಮೂತ್ರಪಿಂಡದ ವ್ಯಾಧಿ

ಗಂಟಲುನೋವು ಮಾಯವಾಗಿ ಎರಡು ವಾರ ಕಳೆದು, ಮನೆಯವರೆಲ್ಲರೂ ಅದನ್ನು ಮರೆತಿರುವಾಗ, ಬೆಳಿಗ್ಗೆ ಎದ್ದ ಮಗುವಿನ ಕಣ್ಣಿನ ರೆಪ್ಪೆಗಳು ಬಾತುಕೊಂಡು, ಮೂತ್ರದ ಪ್ರಮಾಣ ತಗ್ಗಿ, ಅದರ ಬಣ್ಣ ಹಾಲಿಲ್ಲದ ಚಹಾದಂತೆ ಕಪ್ಪಿಟ್ಟಿರುವುದುಂಟು.

ಲಂಡನ್ನಿನ ಗೈ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್, ಮೈ ಊದಿಕೊಂಡ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಿಡಿದು ಮೋಂಬತ್ತಿಯ ಉರಿಗೆ ಕಾಯಿಸಿ, ಅದರೊಳಗಿನ ಪ್ರೋಟೀನು ಹೆಪ್ಪುಗಟ್ಟುವುದನ್ನು ಕಂಡು, ಅವರಲ್ಲಿ ಗತಿಸಿದವರ ಮೂತ್ರಪಿಂಡಗಳನ್ನು ಪರೀಕ್ಷಿಸಿ, ಶೋಫಕ್ಕೂ ಆ ಅಂಗದ ವಿಕಾರಕ್ಕೂ ಇರುವ ಸಂಬಂಧವನ್ನು 1827ರಲ್ಲಿ ಪ್ರಕಟಿಸಿದನು. ಗಂಟಲುಬೇನೆಯೊಡನೆ ಮೈಮೇಲೆ ದದ್ದೇಳುವ ಸ್ಕಾರ್ಲೆಟ್ ಜ್ವರದ ತರುವಾಯ ಇಂಥ ಬಾವು ತಲೆದೋರುವುದನ್ನು ವಿಲಿಯಂ ಚಾರ್ಲ್ಸ್ ವೆಲ್ಸ್ 1812ರಲ್ಲಿಯೇ ಬರೆದಿದ್ದನಾದರೂ, ವ್ಯಾಧಿಗೆ ನಿಂತದ್ದು ಬ್ರೈಟನ ಹೆಸರು. ಕೀರ್ತಿಯ ಹಂಚಿಕೆಯಲ್ಲಿ ನ್ಯಾಯವನ್ನು ಹುಡುಕಿ ಪ್ರಯೋಜನವಿಲ್ಲ.

ಗಂಟಲುಬೇನೆಗೂ ಬಾವಿಗೂ ನಡುವಣ ಆ ವಾರಗಳಲ್ಲಿ ನಡೆಯುವುದೇನು? ವಿಯೆನ್ನಾದ ಪಿರ್ಕೆ ಮತ್ತು ಷಿಕ್ ಎಂಬ ವೈದ್ಯರು, ಚಿಕಿತ್ಸೆಗೆಂದು ಕುದುರೆಯ ಸೀರಮ್ಮನ್ನು ಚುಚ್ಚಿಸಿಕೊಂಡ ಮಕ್ಕಳಲ್ಲಿ ಜ್ವರ ದದ್ದುಗಳು ಒಡನೆಯೇ ತೋರದೆ ವಾರ ಹತ್ತು ದಿನ ತಡೆದು ತೋರುವುದನ್ನು ಗಮನಿಸಿ, ಶರೀರವು ಪ್ರತಿಕಾಯಗಳನ್ನು ಸಿದ್ಧಗೊಳಿಸಲು ಬೇಕಾದ ಅವಧಿಯೇ ಈ ವಿಳಂಬವೆಂದು 1905ರಲ್ಲಿ ವಾದಿಸಿದರು. ಸ್ಕಾರ್ಲೆಟ್ ಜ್ವರದ ಅನಂತರದ ಮೂತ್ರಪಿಂಡದ ಉರಿಯೂತಕ್ಕೂ ಇದೇ ನ್ಯಾಯ ಸಲ್ಲುವುದೆಂದು ಷಿಕ್ ಕಂಡನು.

ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ರಕ್ತನಾಳಗುಚ್ಛಗಳಿದ್ದು, ಅವೆಲ್ಲವೂ ಕೂಡಿ ದಿನಕ್ಕೆ 180 ಲೀಟರಿನಷ್ಟು ದ್ರವವನ್ನು ಸೋಸುತ್ತವೆ. ಗಂಟಲುಬೇನೆಯನ್ನು ತಂದ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು ಇಲ್ಲಿ ಬಂದು ನೆಲಸುವುದಿಲ್ಲ. ಅದರ ಪ್ರೋಟೀನುಗಳೂ ಅವುಗಳನ್ನೆದುರಿಸಲು ಹುಟ್ಟಿದ ಪ್ರತಿಕಾಯಗಳೂ ಸೋಸುಪೊರೆಯಲ್ಲಿ ಒಂದುಗೂಡಿ, ರಕ್ತದೊಳಗಿನ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳನ್ನು ಕೆರಳಿಸಿ, ಬಿಳಿಯ ರಕ್ತಕಣಗಳನ್ನು ಬರಮಾಡಿಕೊಳ್ಳಲು, ಗುಚ್ಛಗಳು ಊದಿ, ಕಿರುನಾಳಗಳು ಮುಚ್ಚಿ, ಹೊರಹೋಗಬೇಕಾದ ಉಪ್ಪು ನೀರುಗಳು ಒಡಲಲ್ಲಿಯೇ ಉಳಿದು ರಕ್ತದೊತ್ತಡವೇರುತ್ತದೆ. ಕೇಡು ಮಾಡುವುದು ಬಹುಮಟ್ಟಿಗೆ ನಮ್ಮ ರಕ್ಷಣಾವ್ಯವಸ್ಥೆಯೇ.

ಸ್ಟ್ರೆಪ್ಟೊಕಾಕಸಿನ ಎಲ್ಲ ಬಗೆಗಳಿಗೂ ಈ ದುರ್ಗುಣವಿಲ್ಲ. ಗಂಟಲಿನಲ್ಲಿ 12ನೆಯ ಬಗೆಯೂ ಚರ್ಮದ ಹುಣ್ಣುಗಳಲ್ಲಿ 49ನೆಯದೂ ಕುಖ್ಯಾತವಾದವು; ಎರಡನೆಯದು 1953ರಲ್ಲಿ ಅಮೆರಿಕದ ಮಿನ್ನೆಸೋಟದ ರೆಡ್ ಲೇಕ್ ಎಂಬ ಮೂಲನಿವಾಸಿಗಳ ನೆಲೆಯಲ್ಲಿ ಮಕ್ಕಳನ್ನು ಪೀಡಿಸಿತು. ಕಜ್ಜಿ ಕೆರೆದು ಕೀವಾದ ಮಕ್ಕಳ ವಿಷಯದಲ್ಲಿ ನಮ್ಮಲ್ಲಿಯೂ ಎಚ್ಚರ ಬೇಕು. ಚರ್ಮದ ಸೋಂಕಿನ ಬಳಿಕ ವ್ಯಾಧಿ ತೋರಲು ಮೂರರಿಂದ ಆರು ವಾರ ಹಿಡಿಯುವುದರಿಂದ, ಹುಣ್ಣಿಗೂ ಬಾವಿಗೂ ಗಂಟುಹಾಕಲು ಯಾರಿಗೂ ತೋಚುವುದಿಲ್ಲ.

ಪೆನಿಸಿಲಿನ್ ರೋಗಾಣುವನ್ನು ಕೊಂದು ಸೋಂಕು ಹರಡದಂತೆ ಮಾಡುವುದೇ ಹೊರತು, ಆರಂಭವಾದ ಉರಿಯೂತವನ್ನು ನಿಲ್ಲಿಸಲಾರದು. ಉಪ್ಪನ್ನು ಮಿತಗೊಳಿಸಿ, ಮೂತ್ರವರ್ಧಕಗಳನ್ನಿತ್ತು, ರಕ್ತದೊತ್ತಡವನ್ನು ತಗ್ಗಿಸುತ್ತಿದ್ದರೆ ಬಹುಪಾಲು ಮಕ್ಕಳು ಕೆಲವು ವಾರಗಳಲ್ಲಿ ಗುಣಹೊಂದುವರು. ಮೂತ್ರ ತೀರ ನಿಂತುಹೋದ ಕೆಲವರಿಗೆ ಮಾತ್ರ ತಾತ್ಕಾಲಿಕವಾಗಿ ಡಯಾಲಿಸಿಸ್ ಬೇಕಾಗುತ್ತದೆ. ವೃದ್ಧರಲ್ಲಿ, ಅದರಲ್ಲಿಯೂ ಮಧುಮೇಹವುಳ್ಳವರಲ್ಲಿ, ಚೇತರಿಕೆ ಅಷ್ಟು ಸುಗಮವಲ್ಲ. ಅವರ ಮೂತ್ರದಲ್ಲಿ ಪ್ರೋಟೀನು ಸೋರುವುದು ಮುಂದುವರಿದು, ಕೆಲವರ ಮೂತ್ರಪಿಂಡಗಳು ಕ್ರಮೇಣ ಶಾಶ್ವತವಾಗಿ ವಿಫಲವಾಗುತ್ತವೆ.