ಹಳೆಯ ಕನ್ನಡ ನಿಯತಕಾಲಿಕೆಗಳ ಜಾಹೀರಾತುಗಳು

ಹಳೆಯ ಕನ್ನಡ ನಿಯತಕಾಲಿಕೆಗಳ ಜಾಹೀರಾತುಗಳು ಎಂದರೆ ಸುಮಾರು 1950ರಿಂದ 1990ರವರೆಗೆ ಕನ್ನಡದ ವಾರಪತ್ರಿಕೆ, ಮಾಸಪತ್ರಿಕೆ ಮತ್ತು ವಿಶೇಷಾಂಕಗಳಲ್ಲಿ ಅಚ್ಚಾದ ವಾಣಿಜ್ಯ ಹಾಗೂ ಸರ್ಕಾರಿ ಪ್ರಕಟಣೆಗಳು. ಸಾಬೂನು, ಹಲ್ಲುಪುಡಿ, ರೇಡಿಯೊ, ಕೈಗಡಿಯಾರ, ಹೊಲಿಗೆ ಯಂತ್ರ, ರಸಗೊಬ್ಬರ, ಕುಟುಂಬ ಯೋಜನೆ ಮುಂತಾದ ವಿಷಯಗಳ ಈ ಪ್ರಕಟಣೆಗಳು ಆ ಕಾಲದ ಜನಜೀವನವನ್ನು ಅರಿಯಲು ನೆರವಾಗುವ ಆಕರಗಳಾಗಿವೆ. ಇಂದು ಗದಗ ಜಿಲ್ಲೆಯ ತಾಲ್ಲೂಕು ಕೇಂದ್ರಗಳಾಗಿರುವ ರೋಣ, ನರಗುಂದ ಮತ್ತು ಗಜೇಂದ್ರಗಡ ಪ್ರದೇಶವು ಆ ಅವಧಿಯಲ್ಲಿ ಧಾರವಾಡ ಜಿಲ್ಲೆಗೆ ಸೇರಿತ್ತು. ಗದಗ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ.

ಪತ್ರಿಕೆಗಳ ಹಿನ್ನೆಲೆ

ಉತ್ತರ ಕರ್ನಾಟಕದ ಓದುಗರಿಗೆ ಹುಬ್ಬಳ್ಳಿಯೇ ಪ್ರಮುಖ ಪತ್ರಿಕಾ ಕೇಂದ್ರವಾಗಿತ್ತು. ‘ಸಂಯುಕ್ತ ಕರ್ನಾಟಕ’ ದಿನಪತ್ರಿಕೆ, ‘ಕರ್ಮವೀರ’ ವಾರಪತ್ರಿಕೆ ಮತ್ತು 1956ರಲ್ಲಿ ಆರಂಭವಾದ ‘ಕಸ್ತೂರಿ’ ಮಾಸಪತ್ರಿಕೆಗಳನ್ನು ಲೋಕಶಿಕ್ಷಣ ಟ್ರಸ್ಟ್ ಪ್ರಕಟಿಸುತ್ತಿತ್ತು. ಪಾ. ವೆಂ. ಆಚಾರ್ಯರು ದೀರ್ಘಕಾಲ ‘ಕಸ್ತೂರಿ’ಯ ಸಂಪಾದಕರಾಗಿದ್ದರು. ಪಾಟೀಲ ಪುಟ್ಟಪ್ಪನವರ ‘ಪ್ರಪಂಚ’ವೂ ಹುಬ್ಬಳ್ಳಿಯಿಂದಲೇ ಹೊರಡುತ್ತಿತ್ತು. ಬೆಂಗಳೂರಿನಿಂದ 1965ರಲ್ಲಿ ‘ಸುಧಾ’, 1968ರಲ್ಲಿ ‘ಮಯೂರ’, ಮಣಿಪಾಲದಿಂದ 1983ರಲ್ಲಿ ‘ತರಂಗ’ ಆರಂಭವಾದವು. ಮಕ್ಕಳಿಗೆ ಮದರಾಸಿನಿಂದ ಬರುತ್ತಿದ್ದ ‘ಚಂದಮಾಮ’ ಅಚ್ಚುಮೆಚ್ಚಿನದಾಗಿತ್ತು.

ಹಳ್ಳಿಗಳಲ್ಲಿ ಒಂದು ಸಂಚಿಕೆಯನ್ನು ಹಲವು ಮನೆಯವರು ಓದುವುದು ರೂಢಿಯಾಗಿತ್ತು. ವಾಚನಾಲಯ, ಶಾಲೆ, ಕ್ಷೌರದ ಅಂಗಡಿ ಹಾಗೂ ಚಹಾದ ಅಂಗಡಿಗಳಲ್ಲಿಯೂ ಪತ್ರಿಕೆಗಳು ಕೈಯಿಂದ ಕೈಗೆ ಸಾಗುತ್ತಿದ್ದವು. ಆದ್ದರಿಂದ ಮಾರಾಟವಾದ ಪ್ರತಿಗಳಿಗಿಂತ ಹೆಚ್ಚು ಜನರನ್ನು ಜಾಹೀರಾತುಗಳು ತಲುಪುತ್ತಿದ್ದವು. ದೀಪಾವಳಿ ಮತ್ತು ಯುಗಾದಿ ವಿಶೇಷಾಂಕಗಳಲ್ಲಿ ಇವುಗಳ ಪುಟಗಳು ಹೆಚ್ಚಿರುತ್ತಿದ್ದವು.

ಸ್ವರೂಪ ಮತ್ತು ಭಾಷೆ

ಅಚ್ಚುಮೊಳೆಯ ಮುದ್ರಣದ ಕಾಲದಲ್ಲಿ ಚಿತ್ರಗಳನ್ನು ಲೋಹದ ಬ್ಲಾಕುಗಳಿಂದ ಮುದ್ರಿಸಲಾಗುತ್ತಿತ್ತು. ಸಣ್ಣ ಜಾಹೀರಾತುಗಳಲ್ಲಿ ಛಾಯಾಚಿತ್ರಕ್ಕಿಂತ ರೇಖಾಚಿತ್ರವೇ ಹೆಚ್ಚಾಗಿರುತ್ತಿತ್ತು. ಒರಟು ಕಾಗದದ ಮೇಲೆ ಅದು ಸ್ಪಷ್ಟವಾಗಿ ಮೂಡುತ್ತಿದ್ದುದೇ ಇದಕ್ಕೆ ಕಾರಣ. ಬಣ್ಣದ ಜಾಹೀರಾತುಗಳು ಬಹುಮಟ್ಟಿಗೆ ರಕ್ಷಾಪುಟಗಳಿಗೆ ಸೀಮಿತವಾಗಿದ್ದವು. ಆಫ್‌ಸೆಟ್ ಮುದ್ರಣ ಹರಡಿದ ಬಳಿಕ ಈ ಮಿತಿ ಸಡಿಲವಾಯಿತು.

ಮುಂಬಯಿಯಂಥ ನಗರಗಳ ಜಾಹೀರಾತು ಸಂಸ್ಥೆಗಳು ಇಂಗ್ಲಿಷಿನಲ್ಲಿ ಬರೆದುದನ್ನು ಕನ್ನಡಕ್ಕೆ ಅನುವಾದಿಸಲಾಗುತ್ತಿತ್ತು. ಹೀಗಾಗಿ ಕೆಲವು ವಾಕ್ಯಗಳು ಕೃತಕವಾಗಿ ಕೇಳಿಸುತ್ತಿದ್ದವು. ಸ್ಥಳೀಯ ಅಂಗಡಿಕಾರರು ಕೊಡುತ್ತಿದ್ದ ಪ್ರಕಟಣೆಗಳ ಭಾಷೆ ಇದಕ್ಕಿಂತ ಬೇರೆಯಾಗಿತ್ತು: ಸರಕಿನ ಹೆಸರು, ಅಂಗಡಿಯ ವಿಳಾಸ, ಹಬ್ಬದ ಶುಭಾಶಯ, ಇಷ್ಟೇ ಅದರ ಹೂರಣ.

ಪ್ರಮುಖ ವಸ್ತುಗಳು

ಸಾಬೂನು: ಚಿತ್ರತಾರೆಯರ ಮೂಲಕ ಸಾಬೂನು ಮಾರುವ ಪದ್ಧತಿಗೆ ಧಾರವಾಡದೊಡನೆ ನಂಟಿದೆ. ಧಾರವಾಡದಲ್ಲಿ ಜನಿಸಿದ ನಟಿ ಲೀಲಾ ಚಿಟ್ನಿಸ್ ಅವರು 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರು ಸರ್ಕಾರಿ ಕಾರ್ಖಾನೆಯ ಗಂಧದ ಸಾಬೂನು ನಾಡಿನ ಹೆಮ್ಮೆಯ ಸರಕೆನಿಸಿತ್ತು.

ಕೈಗಡಿಯಾರ: ಎಚ್‌ಎಂಟಿ ಸಂಸ್ಥೆಯು ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ಕಾರ್ಖಾನೆಯನ್ನು ಆರಂಭಿಸಿತು. ಮದುವೆಯ ಉಡುಗೊರೆಯಾಗಿ, ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಬಹುಮಾನವಾಗಿ ಈ ಗಡಿಯಾರಗಳು ಸಲ್ಲುತ್ತಿದ್ದವು.

ಔಷಧ: 1913ರಲ್ಲಿ ಸ್ಥಾಪನೆಯಾದ ನಂಜನಗೂಡಿನ ಸದ್ವೈದ್ಯಶಾಲೆಯ ಹಲ್ಲುಪುಡಿ ಮನೆಮಾತಾಗಿತ್ತು. ಇನ್ನೊಂದೆಡೆ ಎಲ್ಲ ರೋಗಗಳನ್ನೂ ಗುಣಪಡಿಸುವುದಾಗಿ ಹೇಳಿಕೊಳ್ಳುವ ಅಂಚೆ ಮೂಲಕದ ಔಷಧಗಳ ಪ್ರಕಟಣೆಗಳೂ ಇದ್ದವು. ಇಂಥವನ್ನು ತಡೆಯಲು 1954ರಲ್ಲಿಯೇ ಕೇಂದ್ರ ಕಾಯಿದೆ ಅಂಗೀಕಾರವಾಗಿತ್ತು. ಜಾಹೀರಾತು ಕ್ಷೇತ್ರದ ಸ್ವಯಂ ನಿಯಂತ್ರಣ ಮಂಡಳಿ ಸ್ಥಾಪನೆಯಾದುದು 1985ರಲ್ಲಿ.

ಸರ್ಕಾರಿ ಪ್ರಚಾರ: ಕುಟುಂಬ ಯೋಜನೆಯ ಕೆಂಪು ತ್ರಿಕೋನವು ಪತ್ರಿಕೆಗಳಲ್ಲಿಯೂ ಆಸ್ಪತ್ರೆ, ಬಸ್ಸು, ಗೋಡೆಗಳ ಮೇಲೆಯೂ ಕಾಣುತ್ತಿತ್ತು. ‘ನಾವಿಬ್ಬರು ನಮಗಿಬ್ಬರು’ ಎಂಬ ಘೋಷಣೆ ಆಡುಮಾತಿನೊಳಗೆ ಸೇರಿಹೋಯಿತು.

ಬಾನುಲಿ ಮತ್ತು ದೂರದರ್ಶನ

ಧಾರವಾಡ ಆಕಾಶವಾಣಿ ಕೇಂದ್ರವು 1950ರಲ್ಲಿ ಆರಂಭವಾಯಿತು. ರೇಡಿಯೊ ಸಿಲೋನಿನಲ್ಲಿ 1952ರಿಂದ ಬಿತ್ತರವಾದ, ಅಮೀನ್ ಸಯಾನಿ ನಡೆಸಿಕೊಡುತ್ತಿದ್ದ ‘ಬಿನಾಕಾ ಗೀತಮಾಲಾ’ ಒಂದು ಹಲ್ಲುಜ್ಜುವ ಪೇಸ್ಟಿನ ಹೆಸರನ್ನೇ ಕಾರ್ಯಕ್ರಮದ ಹೆಸರಾಗಿಸಿತು. ವಿವಿಧಭಾರತಿಯಲ್ಲಿ ಜಾಹೀರಾತು ಪ್ರಸಾರ 1967ರಲ್ಲಿಯೂ ದೂರದರ್ಶನದಲ್ಲಿ 1976ರಲ್ಲಿಯೂ ಆರಂಭವಾಯಿತು.

ರೋಣದಲ್ಲಿ 1922ರಲ್ಲಿ ಜನಿಸಿದ ಪಂಡಿತ ಭೀಮಸೇನ ಜೋಶಿಯವರ ಧ್ವನಿ 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಪ್ರಸಾರವಾದ ‘ಮಿಲೇ ಸುರ್ ಮೇರಾ ತುಮ್ಹಾರಾ’ ಕಿರುಚಿತ್ರದ ಆರಂಭದಲ್ಲಿ ಕೇಳಿಬರುತ್ತದೆ. ರಾಷ್ಟ್ರೀಯ ಭಾವೈಕ್ಯವನ್ನು ಸಾರುವ ಈ ಗೀತೆಯ ಮೂಲ ಸಾಹಿತ್ಯವನ್ನು ಜಾಹೀರಾತು ಬರಹಗಾರ ಪೀಯೂಷ್ ಪಾಂಡೆ ರಚಿಸಿದರು. ಯಾವ ಸರಕನ್ನೂ ಮಾರದ ಈ ಚಿತ್ರ ಆ ದಶಕದ ಸ್ಮರಣೆಗಳಲ್ಲಿ ಮುಂಚೂಣಿಯಲ್ಲಿ ನಿಂತಿದೆ.

ಸ್ಮರಣೆ ಮತ್ತು ವಾಸ್ತವ

ಹಳೆಯ ಜಾಹೀರಾತುಗಳನ್ನು ಕಂಡಾಗ ಆ ಕಾಲವೆಲ್ಲ ನಿಶ್ಚಿಂತವಾಗಿತ್ತೆಂಬ ಭಾವನೆ ಮೂಡುವುದು ಸಹಜ. ಆದರೆ ಜಾಹೀರಾತು ಕೊಳ್ಳಬೇಕಾದುದನ್ನು ತೋರಿಸುತ್ತದೆಯೇ ಹೊರತು ಕೊಳ್ಳಲಾಗದವರನ್ನು ತೋರಿಸುವುದಿಲ್ಲ. ಇದಕ್ಕೆ ನರಗುಂದದ ಇತಿಹಾಸವೇ ನಿದರ್ಶನ. ಧಾರವಾಡದಲ್ಲಿ ಡಾ. ಕಾಟರ್ಕಿಯವರು ರೂಪಿಸಿ 1972ರಲ್ಲಿ ಬಿಡುಗಡೆಯಾದ ‘ವರಲಕ್ಷ್ಮಿ’ ಹತ್ತಿ ತಳಿಯನ್ನು ಮಲಪ್ರಭಾ ನೀರಾವರಿ ಪ್ರದೇಶದ ರೈತರು ಬೆಳೆಯತೊಡಗಿದರು. ಈ ತಳಿಗೆ ರಸಗೊಬ್ಬರ ಮತ್ತು ಕೀಟನಾಶಕಗಳ ಖರ್ಚು ಹೆಚ್ಚು. ಮುಂದೆ ಹತ್ತಿಯ ಬೆಲೆ ಕುಸಿಯಿತು. ನೀರಿನ ಕರ ಹಾಗೂ ಅಭಿವೃದ್ಧಿ ಕರದ ಹೊರೆ ಉಳಿಯಿತು. 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದಗಳಲ್ಲಿ ರೈತರ ಪ್ರತಿಭಟನೆ ಹಿಂಸಾರೂಪ ತಾಳಿ, ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಆ ದಿನವನ್ನು ಇಂದಿಗೂ ರೈತ ಹುತಾತ್ಮ ದಿನವೆಂದು ಆಚರಿಸಲಾಗುತ್ತದೆ. ಹುಲುಸಾದ ಬೆಳೆಯ ನಡುವೆ ನಗುವ ರೈತನನ್ನು ಚಿತ್ರಿಸಿದ ಗೊಬ್ಬರದ ಜಾಹೀರಾತನ್ನು ಈ ಘಟನೆಯೊಡನೆ ಇಟ್ಟು ಓದಿದಾಗಲೇ ಅದರ ಪೂರ್ಣ ಅರ್ಥ ತಿಳಿಯುತ್ತದೆ.

ಅಂತೆಯೇ, ಗಜೇಂದ್ರಗಡದಂಥ ಕೈಮಗ್ಗದ ಊರುಗಳ ಸೀರೆಗಳು ಸಂತೆಯಲ್ಲಿಯೂ ಪರಿಚಿತ ವ್ಯಾಪಾರಿಗಳ ಮೂಲಕವೂ ಮಾರಾಟವಾಗುತ್ತಿದ್ದವು. ಬಣ್ಣದ ಪುಟಗಳಲ್ಲಿ ಮೆರೆದುದು ಗಿರಣಿಗಳ ಬಟ್ಟೆ. ಜಾಹೀರಾತುಗಳನ್ನಷ್ಟೇ ನೋಡಿ ಆ ಕಾಲದ ಜನರ ಉಡುಗೆಯನ್ನು ನಿರ್ಣಯಿಸಲಾಗದು.

ಸಂರಕ್ಷಣೆ

ಗ್ರಂಥಾಲಯಗಳಲ್ಲಿ ಸಂಚಿಕೆಗಳನ್ನು ಸಂಪುಟವಾಗಿ ಕಟ್ಟುವಾಗ ರಕ್ಷಾಪುಟ ಮತ್ತು ಜಾಹೀರಾತು ಪುಟಗಳನ್ನು ತೆಗೆದುಹಾಕುವ ರೂಢಿ ಹಲವೆಡೆ ಇತ್ತು. ಮನೆಗಳಲ್ಲಿದ್ದ ಸಂಚಿಕೆಗಳು ರದ್ದಿಗೆ ಹೋಗುತ್ತಿದ್ದವು. ಪುಟಗಳು ಪುಸ್ತಕದ ಹೊದಿಕೆಯಾಗಿ, ಕಿರಾಣಿ ಅಂಗಡಿಯ ಪೊಟ್ಟಣವಾಗಿ ಬಳಕೆಯಾಗುತ್ತಿದ್ದವು. ಆದ್ದರಿಂದ ಕಥೆ, ಲೇಖನಗಳು ಉಳಿದಷ್ಟು ಜಾಹೀರಾತುಗಳು ಉಳಿದಿಲ್ಲ. ಹಳೆಯ ಸಂಚಿಕೆಗಳನ್ನು ಗಣಕೀಕರಿಸುವಾಗ ಜಾಹೀರಾತು ಪುಟಗಳನ್ನೂ ಸೇರಿಸುವುದು, ಪತ್ರಿಕೆಯ ಹೆಸರು ಮತ್ತು ಸಂಚಿಕೆಯ ದಿನಾಂಕವನ್ನು ನಮೂದಿಸುವುದು ಅಗತ್ಯ. ದಿನಾಂಕವಿಲ್ಲದೆ ಕತ್ತರಿಸಿಟ್ಟ ಚಿತ್ರವು ನೆನಪನ್ನು ಕೆರಳಿಸೀತು. ಇತಿಹಾಸದ ಆಕರವಾಗಿ ಅದರ ಬೆಲೆ ಕಡಿಮೆ.