ಕೊಳ್ಳುವವರಿದ್ದರೆ ತಾನೇ ಬೆಲೆ?

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನ ಸುತ್ತಮುತ್ತ ಹೊಗೆಸೊಪ್ಪು ಬೆಳೆಯುವ ರೈತರಿಗೆ ‘ನೋ ಬಿಡ್’ ಎಂಬ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಬ್ಯಾರನ್‌ನಲ್ಲಿ ಹದ ಮಾಡಿ, ಬೇಲ್ ಕಟ್ಟಿ, ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಒಯ್ದ ಸರಕಿಗೆ ಒಂದು ಕಂಪೆನಿಯೂ ಬೆಲೆ ಕಟ್ಟದಿದ್ದರೆ ಅದೇ ‘ನೋ ಬಿಡ್’. ನಿನ್ನೆ ಅದೇ ದರ್ಜೆಯ ಸೊಪ್ಪು ಎಷ್ಟಕ್ಕೆ ಹೋಯಿತು ಎಂಬುದು ಆ ಬೇಲ್‌ನ ಒಡೆಯನಿಗೆ ಬರೀ ಸುದ್ದಿ, ಹಣವಲ್ಲ. ಕರ್ನಾಟಕದಲ್ಲಿ 1984ರಲ್ಲಿ ಶುರುವಾದ ಈ ಹರಾಜು ಪದ್ಧತಿಯ ಹಿಂದಿನ ಲೆಕ್ಕಾಚಾರವೂ ಇದೇ: ಕೊಳ್ಳುವವರನ್ನೆಲ್ಲ ಒಂದೆಡೆ ಕೂಡಿಸಿದರೆ ಪೈಪೋಟಿ ಹುಟ್ಟೀತು.

ಷೇರುಪೇಟೆಯವರು ಲಿಕ್ವಿಡಿಟಿ ಎನ್ನುವುದು ಇದನ್ನೇ. ಕನ್ನಡದಲ್ಲಿ ‘ದ್ರವ್ಯತೆ’ ಎಂಬ ಪದ ಬಳಕೆಗೆ ಬಂದಿದೆ. ಹರಿಯುವುದು ದ್ರವ, ಹಣ ದ್ರವ್ಯ. ಎರಡನ್ನೂ ನೆನಪಿಸುವ ಈ ಪದ ಇಂಗ್ಲಿಷಿನದಕ್ಕಿಂತ ಚೆನ್ನಾಗಿದೆ ಎನ್ನಬೇಕು. ಕೈಯಲ್ಲಿರುವ ಆಸ್ತಿಯನ್ನು ಬೇಗ, ಬೆಲೆ ಕೆಡಿಸದೆ ನಗದು ಮಾಡಿಕೊಳ್ಳಲು ಸಾಧ್ಯವಾದರೆ ಅದಕ್ಕೆ ದ್ರವ್ಯತೆ ಇದೆ ಎಂದರ್ಥ.

ಒಂದು ಲೆಕ್ಕ ನೋಡಿ. ಒಂದು ಕಂಪೆನಿಗೆ 1 ಕೋಟಿ ಷೇರುಗಳಿವೆ, ಬೆಲೆ ತಲಾ 100 ರೂಪಾಯಿ. ಇಂದು ಯಾರೋ ಒಬ್ಬರು ಕೇವಲ 100 ಷೇರುಗಳನ್ನು 120 ರೂಪಾಯಿಯಂತೆ ಕೊಂಡರು. ಕೈ ಬದಲಾದ ಹಣ 12,000 ರೂಪಾಯಿ. ಆದರೆ ಸಂಜೆಯ ಪಟ್ಟಿಯಲ್ಲಿ ಕಂಪೆನಿಯ ಮಾರುಕಟ್ಟೆ ಮೌಲ್ಯ 20 ಕೋಟಿ ರೂಪಾಯಿ ಏರಿರುತ್ತದೆ! ಕೊನೆಯ ವ್ಯವಹಾರದ ಬೆಲೆಯನ್ನೇ ಎಲ್ಲ ಷೇರುಗಳಿಗೂ ಹಚ್ಚುವುದರಿಂದ ಹೀಗಾಗುತ್ತದೆ. ವಹಿವಾಟು ತೆಳುವಾಗಿರುವ ಷೇರು ಸಣ್ಣ ಹಣಕ್ಕೇ ಜಿಗಿಯುತ್ತದೆ, ಅಷ್ಟೇ ಸುಲಭವಾಗಿ ಬೀಳುತ್ತದೆ. ಬಿದ್ದಾಗ ‘ಲೋಯರ್ ಸರ್ಕ್ಯೂಟ್’ ಎಂಬ ತಡೆಯ ಬಳಿ ನಿಂತುಬಿಡುತ್ತದೆ. ಅಲ್ಲಿ ಮಾರುವವರು ಸಾಲುಗಟ್ಟಿದ್ದರೂ ಕೊಳ್ಳುವವರಿರುವುದಿಲ್ಲ.

ಈ ಅಪಾಯಕ್ಕೆ ಹೂಡಿಕೆದಾರರು ರಿಯಾಯಿತಿ ಕೇಳುತ್ತಾರೆ. ಕೇಳುವ ಬೆಲೆಗೂ ಕೊಡುವ ಬೆಲೆಗೂ ಅಂತರ ಹೆಚ್ಚಿರುವ ಷೇರುಗಳಿಂದ ಜನ ಹೆಚ್ಚಿನ ಪ್ರತಿಫಲ ಬಯಸುತ್ತಾರೆ, ಅಂದರೆ ಅವನ್ನು ಅಗ್ಗವಾಗಿ ಕೊಳ್ಳುತ್ತಾರೆ ಎಂಬುದನ್ನು 1986ರಲ್ಲಿ ಅಮಿಹುದ್ ಮತ್ತು ಮೆಂಡೆಲ್ಸನ್ ಎಂಬ ಅರ್ಥಶಾಸ್ತ್ರಜ್ಞರು ನ್ಯೂಯಾರ್ಕಿನ ಷೇರುಗಳನ್ನಿಟ್ಟುಕೊಂಡು ತೋರಿಸಿದರು.

ನಮ್ಮಲ್ಲಿ ಇದರ ಕಹಿ ಉಂಡದ್ದು ಬೆಂಗಳೂರು ಷೇರು ವಿನಿಮಯ ಕೇಂದ್ರ. 1994ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಕಂಪ್ಯೂಟರ್ ಪರದೆಯ ಮೇಲೆ ವಹಿವಾಟು ಶುರು ಮಾಡಿತು. ಕೊಳ್ಳುವವರು ಹೆಚ್ಚಿರುವಲ್ಲಿಗೆ ಮಾರುವವರು, ಮಾರುವವರು ಹೆಚ್ಚಿರುವಲ್ಲಿಗೆ ಕೊಳ್ಳುವವರು. ಹೀಗೆ ಎಲ್ಲರೂ ಮುಂಬೈನ ಪೇಟೆಗಳತ್ತ ಸರಿದರು, ಊರೂರಿನ ಷೇರುಕಟ್ಟೆಗಳು ಒಣಗಿದವು. ವರ್ಷಕ್ಕೆ 1,000 ಕೋಟಿ ರೂಪಾಯಿ ವಹಿವಾಟಿಲ್ಲದ ಕೇಂದ್ರಗಳು ಬಾಗಿಲು ಹಾಕಬೇಕೆಂದು 2012ರಲ್ಲಿ ‘ಸೆಬಿ’ ಗಡುವು ಕೊಟ್ಟಿತು. 2014ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕೇಂದ್ರವೂ ಕಣ್ಮರೆಯಾಯಿತು. ಇಂಥ ಕೇಂದ್ರಗಳಲ್ಲಿ ಮಾತ್ರ ನೋಂದಾಯಿಸಿದ್ದ ಕಂಪೆನಿಗಳ ಷೇರು ಇಟ್ಟುಕೊಂಡವರ ಪಾಡು ‘ನೋ ಬಿಡ್’ ಆದ ಬೇಲ್‌ನಂತಾಯಿತು. ಕಂಪೆನಿ ನಡೆಯುತ್ತಿದ್ದರೂ ಪತ್ರವನ್ನು ಹಣ ಮಾಡಿಕೊಳ್ಳುವ ದಾರಿ ಕಿರಿದಾಗಿತ್ತು.

ದ್ರವ್ಯತೆಗೆ ಇನ್ನೊಂದು ಅರ್ಥವೂ ಇದೆ: ಇಡೀ ಆರ್ಥಿಕ ವ್ಯವಸ್ಥೆಯಲ್ಲಿ ಓಡಾಡುವ ಹಣ. 1990ರ ಜುಲೈನಲ್ಲಿ ಸಾವಿರ ಮುಟ್ಟಿದ ಸೆನ್ಸೆಕ್ಸ್ 1992ರ ಏಪ್ರಿಲ್‌ನಲ್ಲಿ 4,467ಕ್ಕೆ ಏರಿತ್ತು. ಹರ್ಷದ್ ಮೆಹ್ತಾ ಪ್ರಕರಣ ಹೊರಬಿದ್ದು, ಬ್ಯಾಂಕುಗಳಿಂದ ಪೇಟೆಗೆ ಹರಿಯುತ್ತಿದ್ದ ಹಣ ನಿಂತಾಗ ಕೆಲವೇ ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ಅಂಶ ಕಳೆದುಕೊಂಡಿತು. ಕೋವಿಡ್ ಕಾಲದಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 4ಕ್ಕೆ ಇಳಿಸಿತು, ಜಗತ್ತಿನ ಇತರ ಕೇಂದ್ರ ಬ್ಯಾಂಕುಗಳೂ ಹಣ ಹರಿಸಿದವು. ಅಂಗಡಿಗಳು ಮುಚ್ಚಿದ್ದ 2020ರ ಮಾರ್ಚ್‌ನಲ್ಲಿ 26,000ದ ಆಸುಪಾಸಿಗೆ ಕುಸಿದಿದ್ದ ಸೆನ್ಸೆಕ್ಸ್ 2021ರ ಜನವರಿಯಲ್ಲಿ 50,000 ಮುಟ್ಟಿತು.

ಹಾಗೆಂದು ಹಣವೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. 2022ರ ಮೇನಿಂದ 2023ರ ಫೆಬ್ರವರಿಯೊಳಗೆ ಅದೇ ರೆಪೊ ದರ ಶೇ 6.5ಕ್ಕೆ ಏರಿತು. ಆದರೂ 2024ರ ಜುಲೈನಲ್ಲಿ ಸೆನ್ಸೆಕ್ಸ್ 80,000 ದಾಟಿತ್ತು. ಕಂಪೆನಿಗಳ ಲಾಭ ಬೆಳೆದಿತ್ತು. ಜೊತೆಗೆ ತಿಂಗಳಿಗಿಷ್ಟೆಂದು ಮ್ಯೂಚುವಲ್ ಫಂಡ್‌ಗೆ ಕಟ್ಟುವ ಮನೆಮಂದಿಯ ಹಣ ಪೇಟೆಗೆ ಬರುತ್ತಲೇ ಇತ್ತು.