ಲೆಗ್‌ಗಾರ್ಡ್ ಉಳಿಸುವುದೇನನ್ನು?

ಮಳೆಗೆ ಮೆತ್ತಗಾದ ನೆಲದ ಮೇಲೆ ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಮೋಟಾರ್‌ಸೈಕಲ್ ನೋಡನೋಡುತ್ತಿದ್ದಂತೆಯೇ ವಾಲಿ ಬೀಳುವುದುಂಟು. ಎತ್ತಿ ನಿಲ್ಲಿಸುವಷ್ಟರಲ್ಲಿ ಕ್ಲಚ್ಚಿನ ಹಿಡಿ ಮುರಿದಿರುತ್ತದೆ, ಇಂಡಿಕೇಟರ್ ಒಡೆದಿರುತ್ತದೆ, ಕೆಲವೊಮ್ಮೆ ಪೆಟ್ರೋಲ್ ಟ್ಯಾಂಕ್ ನೆಗ್ಗಿರುತ್ತದೆ. ಈ ನಷ್ಟವನ್ನು ತಪ್ಪಿಸಲೆಂದು ಎಂಜಿನ್ನಿನ ಮುಂಭಾಗದಲ್ಲಿ ಉಕ್ಕಿನ ಕೊಳವೆಯ ಲೆಗ್‌ಗಾರ್ಡನ್ನು ಅಳವಡಿಸುವ ರೂಢಿ ನಮ್ಮಲ್ಲಿ ಬೇರೂರಿದೆ. ಹೆಸರಿಗೆ ಅದು ಕಾಲಿನ ರಕ್ಷಕ. ಕೆಲಸದಲ್ಲಿ ಹೆಚ್ಚಾಗಿ ವಾಹನದ ರಕ್ಷಕ.

ನಿಂತಲ್ಲೇ ಬೀಳುವ ಅಥವಾ ನಿಧಾನವಾಗಿ ತಿರುಗುವಾಗ ಜಾರುವ ಸಂದರ್ಭಗಳಲ್ಲಿ ಇದರ ಪ್ರಯೋಜನ ನಿಸ್ಸಂದೇಹವಾದುದು. ಬುಲೆಟ್ 350ರಂತಹ ವಾಹನದ ತೂಕ ಸುಮಾರು 190 ಕಿಲೋಗ್ರಾಂ. ಹೊರಚಾಚಿದ ಕೊಳವೆ ಮೊದಲು ನೆಲವನ್ನು ಮುಟ್ಟಿ ಈ ಭಾರದ ಬಹುಪಾಲನ್ನು ಹೊರುವುದರಿಂದ ಟ್ಯಾಂಕು, ಎಂಜಿನ್ನಿನ ಪಕ್ಕದ ಮುಚ್ಚಳಗಳು ಉಳಿದುಕೊಳ್ಳುತ್ತವೆ. ವಾಹನ ಪೂರ್ತಿ ಮಲಗದೆ ಓರೆಯಾಗಿ ನಿಲ್ಲುವುದರಿಂದ ಎತ್ತುವುದೂ ಸುಲಭ.

ವೇಗವಾಗಿ ಸಾಗುತ್ತಿರುವಾಗ ಬಿದ್ದರೆ ಲೆಕ್ಕ ಬೇರೆ. ಕೆಳಗೆ ಬೀಳುವ ಎತ್ತರ ಎಲ್ಲ ವೇಗಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಮುನ್ನುಗ್ಗುವ ಶಕ್ತಿ. ಗಂಟೆಗೆ 20 ಕಿಲೋಮೀಟರಿಗಿಂತ 60 ಕಿಲೋಮೀಟರ್ ವೇಗದಲ್ಲಿ ಈ ಶಕ್ತಿ ಒಂಬತ್ತು ಪಟ್ಟು. ರಸ್ತೆ ನಯವಾಗಿದ್ದು ಅಡೆತಡೆಗಳಿಲ್ಲದಿದ್ದರೆ ಕೊಳವೆ ಉಜ್ಜಿ ಸವೆಯುತ್ತಾ ವಾಹನದ ಮೈಯನ್ನು ಕಾಪಾಡೀತು. ಆದರೆ ಜಾರುವ ಹಾದಿಯಲ್ಲಿ ಹಳ್ಳವೋ ರಸ್ತೆ ವಿಭಜಕದ ಅಂಚೋ ಸಿಕ್ಕಿದರೆ ಅದೇ ಕೊಳವೆ ಸನ್ನೆಕೋಲಾಗಿ ಪರಿಣಮಿಸುತ್ತದೆ. ಪೆಟ್ಟು ಬೋಲ್ಟುಗಳ ಮೂಲಕ ಚಾಸಿಗೆ ತಲುಪಿ ಅದು ಬಾಗಬಹುದು, ಎಂಜಿನ್ನಿನ ಆಧಾರಗಳು ಬಿರುಕು ಬಿಡಬಹುದು, ವಾಹನ ಮಗುಚಿ ಮತ್ತೊಂದು ಬದಿಯೂ ಜಜ್ಜಿಹೋಗಬಹುದು. ಇಂಡಿಕೇಟರ್ ಉಳಿದು ಚಾಸಿ ಹೋಯಿತೆಂದರೆ ಅದು ಲಾಭದ ವ್ಯವಹಾರವಲ್ಲ.

ಕೊಳವೆಯ ಬದಲು ಎರಡೂ ಬದಿಗೆ ಬೋಲ್ಟಿನಿಂದ ಬಿಗಿಯುವ ನೈಲಾನಿನ ಗುಂಡುಗಳೂ ಬಳಕೆಯಲ್ಲಿವೆ. ಅವು ಲೋಹಕ್ಕಿಂತ ಮೆದುವಾದುದರಿಂದ ತಾವು ಸವೆದು ವಾಹನವನ್ನು ಜಾರಗೊಡುತ್ತವೆ. ಪ್ಲಾಸ್ಟಿಕ್ ಹೊದಿಕೆಯುಳ್ಳ ವಾಹನಗಳಲ್ಲಿ ಅವು ಆ ಹೊದಿಕೆಗಿಂತ ಹೊರಗೆ ಚಾಚಿದರೆ ಮಾತ್ರ ಉಪಯೋಗ. ಚಾಚಿದಷ್ಟೂ ಬೋಲ್ಟು ಬಾಗುವ ಸಂಭವ ಹೆಚ್ಚು.

ಇನ್ನು ಕಾಲಿನ ಮಾತು. ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದ ಸುಮಾರು 900 ಮೋಟಾರ್‌ಸೈಕಲ್ ಅಪಘಾತಗಳನ್ನು ಸ್ಥಳದಲ್ಲಿಯೇ ಪರಿಶೀಲಿಸಿದ ಹ್ಯಾರಿ ಹರ್ಟ್ ಮತ್ತು ಸಂಗಡಿಗರ ವರದಿ 1981ರಲ್ಲಿ ಪ್ರಕಟವಾಯಿತು. ಗಾರ್ಡಿನಿಂದ ಪಾದದ ಹಾಗೂ ಕಣಕಾಲಿನ ಗಾಯಗಳು ಕಡಿಮೆಯಾದರೂ ಮೊಣಕಾಲು, ತೊಡೆಗಳ ಗಾಯಗಳು ಹೆಚ್ಚಿ ಆ ಲಾಭವನ್ನು ಅಳಿಸಿಹಾಕಿದ್ದವೆಂದು ಅದು ತಿಳಿಸಿತು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯಿದೆಯ 129ನೆಯ ಪ್ರಕರಣ ಸವಾರರಿಗೆ ವಿಧಿಸಿರುವುದು ಹೆಲ್ಮೆಟ್ಟನ್ನು. ಗಾರ್ಡಿಗೆ ಹಣ ತೆತ್ತು ಹೆಲ್ಮೆಟ್ಟನ್ನು ಅದಕ್ಕೇ ತೂಗುಹಾಕಿಕೊಂಡು ಸಾಗುವವರು ನಗರಗಳಲ್ಲಿ ಇಂದಿಗೂ ವಿರಳರಲ್ಲ.

ಗಾರ್ಡನ್ನು ಕೊಳ್ಳುವಾಗ ಹೊಳಪಿಗಿಂತ ಜೋಡಣೆಯತ್ತ ಗಮನವಿರಬೇಕು. ಅದು ಆಯಾ ಮಾದರಿಗೆಂದೇ ತಯಾರಾಗಿರಬೇಕು, ಚಾಸಿಗೆ ಒಂದಕ್ಕಿಂತ ಹೆಚ್ಚು ಕಡೆ ಬಿಗಿಯಾಗಿ ಕೂರಬೇಕು, ಹ್ಯಾಂಡಲ್ ಪೂರ್ತಿ ತಿರುಗುವಾಗ ಮುಂದಿನ ಮಡ್‌ಗಾರ್ಡಿಗೆ ತಾಗಬಾರದು. ಬಿದ್ದ ಬಳಿಕ ಬಾಗಿದ ಕೊಳವೆಯನ್ನು ಬಡಿದು ನೆಟ್ಟಗೆ ಮಾಡಿಸುವುದು ಮಿತವ್ಯಯವೆಂದು ತೋರಬಹುದು. ಒಮ್ಮೆ ಮಡಿಚಿದ ಜಾಗದಲ್ಲಿ ಮೊದಲಿನ ಬಲ ಉಳಿದಿರುವುದಿಲ್ಲ. ಅಂತಹ ಗಾರ್ಡನ್ನು ಬದಲಿಸಿ, ಅದನ್ನು ಹಿಡಿದಿದ್ದ ಬೋಲ್ಟುಗಳನ್ನೂ ಸುತ್ತಲಿನ ಬೆಸುಗೆಯನ್ನೂ ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸುವುದು ಅವಶ್ಯ.